ಬಯಲಲ್ಲಿ ಆರತಕ್ಷತೆನಾ? ವಾಲಗ, ಮೈಕ್‌ಸೆಟ್‌ನಿಂದ ಮಳೆ ತಯಾರಿವರೆಗೆ: ಹಾಸನ ಜಿಲ್ಲೆಯ ಮನೆಯವರು, ಅಂಗಡಿಯವರು ತಿಳಿದಿರಬೇಕಾದ ಮಾಹಿತಿ

ಹಾಸನ: ಛತ್ರದ ಬಾಡಿಗೆ ಏರಿದ ಹಾಗೆ ತೋಟದ ಮನೆ ಮುಂದೆ, ಶಾಲೆ ಮೈದಾನದಲ್ಲಿ, ರಸ್ತೆ ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿ ಆರತಕ್ಷತೆ ಮಾಡುವವರು ನಮ್ಮ ತಾಲ್ಲೂಕುಗಳಲ್ಲಿ ಕಾಣಸಿಗುತ್ತಾರೆ. ಜಾಗ ವಿಶಾಲ, ಗಾಳಿ ಬೆಳಕು ಚೆನ್ನ, ಗಾಡಿ ನಿಲ್ಲಿಸಲು ತೊಂದರೆ ಇಲ್ಲ. ತೊಂದರೆ ಇರೋದು ಒಂದೇ, ಮೇಲಿನ ಮೋಡದ್ದು.

"ಮಳೆ ಬಂದ್ರೆ ಆಗ ನೋಡ್ಕೊಳ್ಳೋಣ ಬಿಡಿ" ಅನ್ನುವ ಮಾತಿನಿಂದಲೇ ಸಂಜೆ ಏಳು ಗಂಟೆಗೆ ಫಜೀತಿ ಶುರುವಾಗುತ್ತದೆ. ಮಿಕ್ಸರ್ ಒಳಗೆ ನೀರು, ಒದ್ದೆ ನೆಲದಲ್ಲಿ ಕರೆಂಟ್ ವೈರು, ಜೋತುಬಿದ್ದ ಶಾಮಿಯಾನ, ಅದರ ಕೆಳಗೆ ಮಕ್ಕಳು. ಮರುದಿನ ಮನೆಯವರಿಗೂ ಮೈಕ್‌ಸೆಟ್‌ನವರಿಗೂ ದುಡ್ಡಿನ ಜಗಳ. ಇದನ್ನು ತಪ್ಪಿಸಲು ಮೊದಲೇ ಏನು ಮಾಡಬೇಕು ಅನ್ನುವುದನ್ನು ಒಂದೊಂದಾಗಿ ಇಲ್ಲಿ ಕೊಟ್ಟಿದ್ದೇವೆ.

ಯಾವ ತಿಂಗಳಲ್ಲಿ ಎಂಥ ಮಳೆ?

ನಮ್ಮ ಕಡೆ ಮುಹೂರ್ತದ ಹಿಂದಿನ ದಿನ ಸಂಜೆ ಆರತಕ್ಷತೆ ಇಟ್ಟುಕೊಳ್ಳುವುದು ರೂಢಿ. ಆರೂವರೆಗೆ ಶುರುವಾಗಿ ಒಂಬತ್ತೂವರೆ, ಹತ್ತಕ್ಕೆ ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯೂ ಹೆಚ್ಚಾಗಿ ಬರುವುದು ಇದೇ ಹೊತ್ತಿಗೆ. ಹಗಲೆಲ್ಲ ಕಾದ ನೆಲದಿಂದ ಬಿಸಿ ಗಾಳಿ ಮೇಲೇರಿ, ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟಿ, ಸಂಜೆ ಸುರಿಯುತ್ತದೆ. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಅಂತ ಹಿರಿಯರು ಲೆಕ್ಕ ಹಾಕುವ ಮಳೆಗಳು ಬೀಳುವ ಕಾಲವೇ ಮದುವೆಗಳ ಕಾಲವೂ ಹೌದು.

ಈ ಮಳೆಗೆ ಮೂರು ಲಕ್ಷಣ. ಹೆಚ್ಚು ಹೊತ್ತು ಇರುವುದಿಲ್ಲ. ಒಂದು ಊರಲ್ಲಿ ಸುರಿದರೆ ನಾಲ್ಕು ಮೈಲಿ ಆಚೆ ಒಣಗಿರಬಹುದು. ಮಳೆಗಿಂತ ಮುಂಚೆ ಬಿರುಗಾಳಿ ಬರುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ಬಯಲುಸೀಮೆಯಲ್ಲಿ ಮಳೆ ನಾಲ್ಕು ಹನಿ ಬೀಳದಿದ್ದರೂ ಗಾಳಿಯೇ ಶಾಮಿಯಾನ ಕಿತ್ತುಹಾಕಬಹುದು.

ನವೆಂಬರ್, ಡಿಸೆಂಬರಿನ ಕಥೆ ಬೇರೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಆದರೆ ಒಂದೆರಡು ದಿನ ಬಿಡದೆ ಜಿಟಿಜಿಟಿ ಹಿಡಿಯುತ್ತದೆ. ಆದರೆ ಇದರ ಸುದ್ದಿ ಎರಡು ಮೂರು ದಿನ ಮೊದಲೇ ಸಿಗುತ್ತದೆ. ಜೂನ್ ನಂತರ ಸಕಲೇಶಪುರ, ಆಲೂರು ಕಡೆ ಬಯಲಲ್ಲಿ ಕಾರ್ಯಕ್ರಮ ಅನ್ನುವ ಮಾತೇ ಬೇಡ.

ಆದ್ದರಿಂದ ತಯಾರಿಯೂ ಎರಡು ಥರ. ಮೇ ತಿಂಗಳಾದರೆ "ಒಂದು ಗಂಟೆ ಹೊತ್ತು ಜನ, ಸಾಮಾನು ಎಲ್ಲಿ ಸುರಕ್ಷಿತ?" ಅನ್ನುವುದನ್ನು ಯೋಚಿಸಬೇಕು. ನವೆಂಬರ್ ಆದರೆ "ಕಾರ್ಯಕ್ರಮವನ್ನೇ ಒಳಗೆ ಎಲ್ಲಿಗೆ ಸ್ಥಳಾಂತರಿಸೋಣ?" ಅನ್ನುವುದನ್ನು ಯೋಚಿಸಬೇಕು.

ಹವಾಮಾನ ಎಲ್ಲಿ ನೋಡಬೇಕು?

• ಭಾರತೀಯ ಹವಾಮಾನ ಇಲಾಖೆಯ 'ಮೌಸಮ್' ಆ್ಯಪ್: ಜಿಲ್ಲಾವಾರು ಮುನ್ಸೂಚನೆ. ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕ್ರಮ ಕೈಗೊಳ್ಳಿ.
• 'ದಾಮಿನಿ' ಆ್ಯಪ್: ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ್ದು. ನೀವಿರುವ ಜಾಗದ ಸುತ್ತ ಸಿಡಿಲು ಬೀಳುತ್ತಿದೆಯೇ ಎಂದು ತೋರಿಸುತ್ತದೆ.
• 'ವರುಣಮಿತ್ರ' ಸಹಾಯವಾಣಿ 92433 45433: ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. ಕನ್ನಡದಲ್ಲೇ ಕೇಳಬಹುದು.

ಮೂರು ದಿನ ಮುಂಚೆ ಒಮ್ಮೆ, ಹಿಂದಿನ ರಾತ್ರಿ ಒಮ್ಮೆ, ಆ ದಿನ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಮೂರರ ನಂತರ ಅರ್ಧ ಗಂಟೆಗೊಮ್ಮೆ ನೋಡಿ. ಈ ಕೆಲಸವನ್ನು ಗಂಡಿನ ಅಪ್ಪನಿಗೋ ಹೆಣ್ಣಿನ ಅಣ್ಣನಿಗೋ ಹಚ್ಚಬೇಡಿ, ಅವರಿಗೆ ಬೀಗರನ್ನು ನೋಡಿಕೊಳ್ಳುವುದೇ ಸಾಕಾಗಿರುತ್ತದೆ. ಮನೆಯ ಒಬ್ಬ ಹುಡುಗನನ್ನು ಇದಕ್ಕೇ ಅಂತ ಬಿಡಿ. "ನಿಲ್ಲಿಸಿ" ಅಂತ ಅವನು ಹೇಳಿದರೆ ಯಾರೂ ಎದುರು ಮಾತಾಡಬಾರದು ಅನ್ನುವುದು ಮೊದಲೇ ತೀರ್ಮಾನ ಆಗಿರಲಿ.

ಶಾಮಿಯಾನ: ನೀರಿನ ಭಾರ ಎಷ್ಟು ಗೊತ್ತಾ?

ಬಟ್ಟೆ ಶಾಮಿಯಾನ ಬಿಸಿಲಿಗೆ. ಮಳೆಗಲ್ಲ. ಮೇಲೆ ಟಾರ್ಪಾಲು ಹೊದಿಸಿದರೆ ನೀರು ಸೋರುವುದಿಲ್ಲ ನಿಜ, ಆದರೆ ಇಳಿಜಾರು ಇಲ್ಲದಿದ್ದರೆ ನೀರು ನಿಲ್ಲುತ್ತದೆ. ಲೆಕ್ಕ ನೋಡಿ: ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 20 ಅಡಿಗೆ 40 ಅಡಿಯ ಶಾಮಿಯಾನ ಸುಮಾರು 74 ಚದರ ಮೀಟರ್. ಅದರ ಮೇಲೆ 10 ಮಿ.ಮೀ. ಮಳೆ ಬಿದ್ದು ಹರಿಯದೆ ನಿಂತರೆ 740 ಲೀಟರ್. ಅಂದರೆ ಹೆಚ್ಚು ಕಡಿಮೆ 15 ಮೂಟೆ ಸಿಮೆಂಟು ಜನರ ತಲೆ ಮೇಲೆ ಇಟ್ಟ ಹಾಗೆ.

• ನಡುವಿನ ಕಂಬ ಎತ್ತರ, ಅಂಚಿನ ಕಂಬ ತಗ್ಗು ಇರಲಿ. ನೀರು ಜನ ಓಡಾಡದ ಕಡೆಗೆ ಇಳಿಯಲಿ.
• ವೇದಿಕೆ, ಮೈಕ್‌ಸೆಟ್, ಅಡುಗೆ, ಈ ಮೂರು ಜಾಗಕ್ಕಾದರೂ ತಗಡಿನ ಶೀಟ್ ಚಪ್ಪರ ಹಾಕಿಸಿ. ಇಡೀ ಮೈದಾನಕ್ಕೆ ಹಾಕಿಸುವಷ್ಟು ಖರ್ಚು ಬೇಕಿಲ್ಲ. ಶೀಟನ್ನು ಕಂಬಕ್ಕೆ ಗಟ್ಟಿಯಾಗಿ ಬಿಗಿದಿರಬೇಕು, ಗಾಳಿಗೆ ಹಾರಿದ ತಗಡು ಕತ್ತಿಯಿದ್ದ ಹಾಗೆ.
• ಗೂಟಗಳು ಮೆತ್ತನೆ ಮಣ್ಣಿನಲ್ಲಿ ಒದ್ದೆಯಾದಾಗ ಕಿತ್ತುಬರುತ್ತವೆ. ಒಂದೊಂದು ಹಗ್ಗಕ್ಕೂ ಮರಳು ತುಂಬಿದ ಮೂಟೆ ಆಸರೆ ಕೊಡಿ.
• ಗಾಳಿ ಶುರುವಾದರೆ ಸುತ್ತಲಿನ ಪಕ್ಕದ ಬಟ್ಟೆ ಬಿಚ್ಚಿಬಿಡಿ. ಕಟ್ಟಿದ್ದರೆ ಹಡಗಿನ ಹಾಯಿ ಥರ ಗಾಳಿ ತುಂಬಿ ಕಂಬವನ್ನೇ ಎಳೆಯುತ್ತದೆ.
• ಕರೆಂಟ್ ತಂತಿ ಕೆಳಗೆ, ಒಣಗಿದ ತೆಂಗಿನ ಮರದ ಕೆಳಗೆ, ಹಳೇ ಗೋಡೆಯ ಪಕ್ಕ ಶಾಮಿಯಾನ ಬೇಡವೇ ಬೇಡ.

ಯಾವ ಹೊತ್ತಿಗೆ ಯಾವ ಸಂಗೀತ?

ಮೂರು ಗಂಟೆ ಕಾರ್ಯಕ್ರಮಕ್ಕೆ ಒಂದೇ ಥರದ ಹಾಡು ಹಾಕಿದರೆ ಅರ್ಧ ಜನಕ್ಕೆ ಬೇಸರ. ಮೂರು ಭಾಗ ಮಾಡಿಕೊಳ್ಳಿ.

ಆರೂವರೆಯಿಂದ ಏಳೂಕಾಲು: ಗಂಡು ಹೆಣ್ಣು ವೇದಿಕೆಗೆ ಬರುವ ಹೊತ್ತು. ವಾಲಗ, ನಾದಸ್ವರ, ಇಲ್ಲವೇ ಸ್ಯಾಕ್ಸೋಫೋನ್. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ನಮ್ಮ ಮದುವೆಗಳಲ್ಲೂ ಅದು ಮಂಗಳವಾದ್ಯದ ಜಾಗ ಪಡೆದಿದೆ. ಹಿರಿಯರು ಬೇಗ ಬಂದು ಬೇಗ ಊಟ ಮಾಡಿ ಹೊರಡುವವರು, ಅವರಿಗೆ ಇದು ಹಿತ.

ಏಳೂಕಾಲರಿಂದ ಎಂಟೂವರೆ: ಜನ ಸಾಲಲ್ಲಿ ನಿಂತು ಮುಯ್ಯಿ ಕೊಟ್ಟು, ಫೋಟೊ ತೆಗೆಸಿಕೊಳ್ಳುವ ಹೊತ್ತು. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ, ರಾಜ್‌ಕುಮಾರ್ ಹಾಡುಗಳು ಸರಿಹೊಂದುತ್ತವೆ. ಶಬ್ದ ತಗ್ಗಿರಲಿ. ಎಷ್ಟೋ ವರ್ಷದ ಮೇಲೆ ಸಿಕ್ಕ ನೆಂಟರು ಮಾತಾಡಬೇಕಲ್ಲ. ಪಕ್ಕದಲ್ಲಿ ಕೂತವರಿಗೆ ಕೂಗಿ ಹೇಳಬೇಕಾದರೆ ಶಬ್ದ ಹೆಚ್ಚಾಯಿತು ಅಂತಲೇ ಅರ್ಥ.

ಎಂಟೂವರೆಯಿಂದ ಒಂಬತ್ತೂಮುಕ್ಕಾಲು: ಹುಡುಗರ ಕುಣಿತ. ಆರ್ಕೆಸ್ಟ್ರಾ, ಡಿಜೆ ಯಾವುದೇ ಇರಲಿ, ಕೊನೆಯ ಹಾಡು ಯಾವುದು ಅಂತ ಮೊದಲೇ ನಿಗದಿ ಮಾಡಿ. "ಇನ್ನೊಂದೇ ಅಣ್ಣ, ಇನ್ನೊಂದೇ" ಅನ್ನುವುದಕ್ಕೆ ಕೊನೆಯಿಲ್ಲ.

ಮಳೆಯ ಲೆಕ್ಕದಲ್ಲಿ ನೋಡಿದರೆ ವಾಲಗಕ್ಕೆ ಒಂದು ಅನುಕೂಲ ಇದೆ. ಅದಕ್ಕೆ ಕರೆಂಟ್ ಬೇಡ. ಮೈಕ್‌ಸೆಟ್ ಆರಿಸಿದರೂ ವಾಲಗದವರು ಮನೆ ಜಗಲಿಯಲ್ಲೋ ಶಾಲೆ ವರಾಂಡದಲ್ಲೋ ಕೂತು ನುಡಿಸಿದರೆ ಸಮಾರಂಭ ನಿಂತ ಹಾಗೆ ಆಗುವುದಿಲ್ಲ. ಆದ್ದರಿಂದ ಅವರನ್ನು ಏಳೂಕಾಲಿಗೇ ಕಳಿಸಿಬಿಡದೆ ರಾತ್ರಿವರೆಗೂ ಮಾತಾಡಿಕೊಳ್ಳಿ. ಡೋಲು, ತಬಲಾ, ತಮಟೆಯ ಚರ್ಮ ತಂಪಿಗೆ ಸಡಿಲವಾಗಿ ನಾದ ಮಂಕಾಗುತ್ತದೆ. ತಮಟೆಯವರಿಗೆ ಕಾಯಿಸಿಕೊಳ್ಳಲು ಶಾಮಿಯಾನದಿಂದ ದೂರ ಒಂದು ಮರೆಯಾದ ಜಾಗ, ಒಣ ಸೌದೆ ಇಟ್ಟಿರಿ.

ಹಾಡುಗಳನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ. ಮಳೆ ಗಾಳಿಗೆ ಕರೆಂಟ್ ಹೋದರೆ ಟವರ್ ಕೂಡ ಕೈಕೊಡಬಹುದು, ಇಂಟರ್ನೆಟ್ ನಂಬಿ ಕೂತವರ ಪಟ್ಟಿ ಅಲ್ಲೇ ನಿಲ್ಲುತ್ತದೆ. ಹಾಡು ಹಾಕುವ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ಯಾರದೋ ಕಾಲ್ ಬಂದು ರಿಂಗ್‌ಟೋನ್ ಇಡೀ ಮೈದಾನಕ್ಕೆ ಕೇಳುತ್ತದೆ. ಅದೇ ಪಟ್ಟಿ ಇರುವ ಇನ್ನೊಂದು ಫೋನ್ ಜೊತೆಗಿರಲಿ.

ಸ್ಪೀಕರ್ ಎಲ್ಲಿಡಬೇಕು?

ವೇದಿಕೆಯ ಎರಡು ಪಕ್ಕ, ಜನರ ಕಡೆ ಮುಖ. ಪಕ್ಕದ ಮನೆ, ದನದ ಕೊಟ್ಟಿಗೆ, ಆಸ್ಪತ್ರೆ ಕಡೆ ಮುಖ ಬೇಡ. ಊಟದ ಪಂಕ್ತಿಯ ಪಕ್ಕ ದೊಡ್ಡ ಬಾಕ್ಸ್ ಇಡಬೇಡಿ, "ಇನ್ನೊಂಚೂರು ಸಾರು" ಅನ್ನುವುದೂ ಬಡಿಸುವವರಿಗೆ ಕೇಳುವುದಿಲ್ಲ. ವಯಸ್ಸಾದವರ, ಕೂಸುಗಳಿರುವವರ ಕುರ್ಚಿ ಸ್ಪೀಕರಿನಿಂದ ದೂರ ಹಾಕಿಸಿ.

ಆಂಪ್ಲಿಫೈಯರ್, ಮಿಕ್ಸರ್ ನೆಲದಿಂದ ಕನಿಷ್ಠ ಒಂದು ಅಡಿ ಎತ್ತರದ ಮರದ ಹಲಗೆ ಮೇಲಿರಲಿ. ನಿಮ್ಮ ಜಾಗದಲ್ಲಿ ನೀರು ಯಾವ ಕಡೆ ಹರಿಯುತ್ತದೆ ಅಂತ ಹಿರಿಯರನ್ನು ಕೇಳಿ, ತಗ್ಗಿನ ಮೂಲೆ ಬಿಡಿ. ದಪ್ಪ ಪ್ಲಾಸ್ಟಿಕ್ ಹೊದಿಕೆಯನ್ನು ಮಡಚಿ ಪಕ್ಕದಲ್ಲೇ ಇಟ್ಟಿರಿ. ಒಂದು ಎಚ್ಚರ: ಚಾಲೂ ಇರುವ ಆಂಪ್ಲಿಫೈಯರ್ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಬಿಸಿ ಏರಿ ಸುಡುತ್ತದೆ. ಮೊದಲು ಆರಿಸಿ, ಪ್ಲಗ್ ಕಿತ್ತು, ಆಮೇಲೆ ಮುಚ್ಚಿ.

ಕರೆಂಟ್ ಮತ್ತು ಜನರೇಟರ್: ಇಲ್ಲಿ ಉಳಿತಾಯ ನೋಡಬೇಡಿ

ಹಾಳಾದ ಮಿಕ್ಸರನ್ನು ಮತ್ತೆ ಕೊಳ್ಳಬಹುದು. ಒದ್ದೆ ಕೈಯಲ್ಲಿ ಮೈಕ್ ಹಿಡಿದವನಿಗೆ ಶಾಕ್ ಹೊಡೆದರೆ ಅದಕ್ಕೆ ಪರಿಹಾರ ಇಲ್ಲ.

• ಕಂಬಕ್ಕೆ ಕೊಕ್ಕೆ ಹಾಕುವುದು 2003ರ ವಿದ್ಯುತ್ ಕಾಯ್ದೆಯ 135ನೇ ಕಲಂ ಪ್ರಕಾರ ಕಳ್ಳತನ. ಮಳೆಯಲ್ಲಿ ಅದು ಪ್ರಾಣಕ್ಕೂ ಸಂಚಕಾರ. ಸೆಸ್ಕ್ ಉಪವಿಭಾಗ ಕಚೇರಿಯಲ್ಲಿ ತಾತ್ಕಾಲಿಕ ಸಂಪರ್ಕಕ್ಕೆ ಮೊದಲೇ ಅರ್ಜಿ ಕೊಡಿ.
• ಮೈನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ಕರೆಂಟ್ ಸೋರಿದ ತಕ್ಷಣ ಲೈನ್ ಕಡಿಯುವ ಸಾಧನ ಇದು. ಇದರ ಮೇಲೆ 'ಟಿ' ಗುರುತಿನ ಬಟನ್ ಇರುತ್ತದೆ, ಕಾರ್ಯಕ್ರಮದ ಮುಂಚೆ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಅದು ಕೆಟ್ಟಿದೆ.
• ಅರ್ತಿಂಗ್ ಇಲ್ಲದ ಸಂಪರ್ಕ ಬೇಡ. ಜನರೇಟರಿಗೂ ಅರ್ತಿಂಗ್ ಬೇಕು.
• ವೈರ್ ಜಾಯಿಂಟ್ ನೆಲದ ಮೇಲೆ ಇರಬಾರದು. ತಲೆಗಿಂತ ಎತ್ತರದಲ್ಲಿ ಕಟ್ಟಿ. ಕಬ್ಬಿಣದ ಕಂಬಕ್ಕೆ ನೇರವಾಗಿ ಸುತ್ತಬೇಡಿ.
• ಜನರೇಟರಿಗೂ ಸೆಸ್ಕ್ ಲೈನಿಗೂ ನಡುವೆ ಚೇಂಜ್‌ಓವರ್ ಸ್ವಿಚ್ ಕಡ್ಡಾಯ. ಅದಿಲ್ಲದೆ ಜನರೇಟರ್ ಹಾಕಿದರೆ ಕರೆಂಟ್ ವಾಪಸ್ ಲೈನಿಗೆ ಹೋಗಿ, ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಜೀವ ತೆಗೆಯಬಹುದು.

ಎಷ್ಟು ದೊಡ್ಡ ಜನರೇಟರ್ ಬೇಕು? ಸೌಂಡ್ 3 ಕಿಲೋವ್ಯಾಟ್, ವೇದಿಕೆ ಲೈಟು 2, ಅಲಂಕಾರದ ಸೀರಿಯಲ್ ಲೈಟು 1, ಫ್ಯಾನು 1, ಅಡುಗೆ ಕಡೆಯ ಗ್ರೈಂಡರ್, ನೀರಿನ ಮೋಟಾರ್ 1, ಹೀಗೆ ಒಟ್ಟು 8 ಕಿಲೋವ್ಯಾಟ್ ಅಂದುಕೊಳ್ಳಿ. 0.8ರಿಂದ ಭಾಗಿಸಿದರೆ 10 ಕೆವಿಎ. ಮೋಟಾರ್ ಶುರುವಾಗುವಾಗ ಹೆಚ್ಚು ಎಳೆಯುವುದರಿಂದ 15 ಕೆವಿಎ ತರಿಸುವುದು ಕ್ಷೇಮ. ಜನರೇಟರ್ ಛತ್ರದ ಒಳಗೆ, ಮುಚ್ಚಿದ ಶೆಡ್ಡಿನೊಳಗೆ ಇಡಬಾರದು, ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಓಡುತ್ತಿರುವಾಗ ಡೀಸೆಲ್ ಸುರಿಯಬೇಡಿ.

ಗುಡುಗು ಕೇಳಿದರೆ ಏನು ಮಾಡಬೇಕು?

ಮಿಂಚು ಕಂಡ ಮೇಲೆ ಸೆಕೆಂಡು ಎಣಿಸಿ. ಶಬ್ದ ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ಚಲಿಸುತ್ತದೆ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗಿದೆ. ಆಗ ಜನ ಒಳಗೆ ಹೋಗಲೇಬೇಕು, ಮಳೆ ಬರದಿದ್ದರೂ ಸರಿ.

ಒಳಗೆ ಅಂದರೆ ಶಾಮಿಯಾನದ ಒಳಗಲ್ಲ. ಕಬ್ಬಿಣದ ಕಂಬದ ಶಾಮಿಯಾನ, ತಗಡಿನ ಚಪ್ಪರ, ಮರದ ಕೆಳಗೆ, ಇವ್ಯಾವುದೂ ಸಿಡಿಲಿಗೆ ಆಸರೆಯಲ್ಲ. ಆರ್‌ಸಿಸಿ ಮನೆ, ಶಾಲೆ ಕಟ್ಟಡ, ಗಾಜು ಏರಿಸಿದ ಬಸ್ಸು, ಕಾರು ಸುರಕ್ಷಿತ. ಬಯಲಲ್ಲಿ ಕಾರ್ಯಕ್ರಮ ಇಟ್ಟವರು ಹತ್ತಿರದ ಶಾಲೆಯ ಅಥವಾ ಸಮುದಾಯ ಭವನದ ಬೀಗದ ಕೈಯನ್ನು ಅನುಮತಿ ಪಡೆದು ಮೊದಲೇ ಇಟ್ಟುಕೊಳ್ಳುವುದು ಇದಕ್ಕಾಗಿಯೇ. ನೆಂಟರನ್ನು ಕರೆತಂದ ಬಸ್ಸಿನ ಡ್ರೈವರಿಗೂ ಹೇಳಿ, ಗಾಡಿ ದೂರ ಒಯ್ಯದಿರಲಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಯಾರನ್ನೂ ಹೊರಗೆ ಬಿಡಬೇಡಿ.

ಮೈಕ್‌ಸೆಟ್ ಆರಿಸುವ ಮುಂಚೆ ಒಂದು ಘೋಷಣೆ ಸಾಕು. ಗಾಬರಿ ಬೇಡ, ಮಾತು ನೇರವಾಗಿರಲಿ: "ಮಳೆ ಬರೋ ಹಾಗಿದೆ. ವಯಸ್ಸಾದವರು, ಮಕ್ಕಳು ಮೊದಲು ಶಾಲೆ ಕಟ್ಟಡದ ಒಳಗೆ ಬನ್ನಿ. ಊಟ ಎಲ್ಲರಿಗೂ ಇದೆ, ಅವಸರ ಬೇಡ." ಊಟದ ಮಾತು ಮರೆಯಬೇಡಿ. ಪಂಕ್ತಿ ತಪ್ಪುತ್ತದೆ ಅನ್ನುವ ಆತಂಕದಿಂದಲೇ ಜನ ಜಾಗ ಬಿಟ್ಟು ಏಳುವುದಿಲ್ಲ.

ಯಾರಿಗಾದರೂ ಸಿಡಿಲು ಬಡಿದರೆ ಮುಟ್ಟಲು ಹೆದರಬೇಡಿ, ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಉಸಿರಿಲ್ಲದಿದ್ದರೆ ತಕ್ಷಣ ಎದೆ ಒತ್ತಲು ಶುರು ಮಾಡಿ, 108ಕ್ಕೆ ಕರೆ ಮಾಡಿಸಿ. ವೈರ್ ಶಾಕ್ ಆದರೆ ಮಾತ್ರ ಉಲ್ಟಾ: ಮೊದಲು ಮೈನ್ ಆರಿಸಿ, ಆಮೇಲೆ ಮುಟ್ಟಿ. ತಂತಿ ಹರಿದು ಬಿದ್ದಿದ್ದರೆ ಯಾರನ್ನೂ ಹತ್ತಿರ ಬಿಡದೆ ಸೆಸ್ಕ್ ಸಹಾಯವಾಣಿ 1912ಕ್ಕೆ ತಿಳಿಸಿ.

ಮಳೆ ನಿಂತ ಮೇಲೆ ಹುಡುಗರು "ಹಾಕಣ್ಣ ಸೌಂಡು" ಅಂತ ಒತ್ತಾಯ ಮಾಡುತ್ತಾರೆ. ನೀರು ತಾಗಿದ ಸಾಧನಕ್ಕೆ ಕರೆಂಟ್ ಕೊಡಲೇಬೇಡಿ. ಹೊರಗೆ ಒರೆಸಿದರೆ ಒಳಗೆ ಒಣಗಿದ ಹಾಗಲ್ಲ. ಬಿಚ್ಚಿ, ಒಣಗಿಸಿ, ಮೆಕ್ಯಾನಿಕ್ ನೋಡಿದ ಮೇಲೆಯೇ ಚಾಲೂ ಮಾಡಬೇಕು.

ಶಬ್ದದ ಕಾನೂನು ಏನು ಹೇಳುತ್ತದೆ?

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ನಿಮ್ಮ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ, ಕನಿಷ್ಠ ಒಂದು ವಾರ ಮುಂಚೆ ಅರ್ಜಿ ಕೊಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ರಿಯಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಆದರೆ ಅದು ಸಾಂಸ್ಕೃತಿಕ, ಧಾರ್ಮಿಕ ಹಬ್ಬದ ಸಂದರ್ಭಗಳಿಗೆ. ನಮ್ಮ ಮನೆ ಮದುವೆ ಅಂತ ತಾನಾಗಿ ಸಿಗುವುದಿಲ್ಲ.

ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಆಗಬಹುದು, ಅಲ್ಲಿ 50 ಮತ್ತು 40. ಶಾಲೆ ಮೈದಾನ ಬಾಡಿಗೆಗೆ ಹಿಡಿದವರು ಇದನ್ನು ಠಾಣೆಯಲ್ಲಿ ಮೊದಲೇ ಕೇಳಿಕೊಳ್ಳಿ. ಖಾಸಗಿ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ.

ಮಳೆಗೂ ಇದಕ್ಕೂ ಏನು ಸಂಬಂಧ? ಮಳೆಯಿಂದ ಒಂದು ಗಂಟೆ ಹಾಳಾದರೆ ಆ ಗಂಟೆಯನ್ನು ಹತ್ತರ ಮೇಲೆ ಸೇರಿಸಿಕೊಳ್ಳಲು ಬರುವುದಿಲ್ಲ. ಅದಕ್ಕೇ ಮೇ ತಿಂಗಳ ಆರತಕ್ಷತೆಯಲ್ಲಿ ಮುಖ್ಯವಾದದ್ದನ್ನು, ಅಂದರೆ ಗಂಡು ಹೆಣ್ಣು ವೇದಿಕೆಗೆ ಬರುವುದು, ಹಿರಿಯರ ಆಶೀರ್ವಾದ, ಮನೆಯವರ ಫೋಟೊ, ಮೊದಲ ಮುಕ್ಕಾಲು ಗಂಟೆಯಲ್ಲೇ ಮುಗಿಸಿ. ಕುಣಿತ ಹೋದರೆ ಬೇಸರ ಅಷ್ಟೇ, ಕಾರ್ಯ ನಿಲ್ಲುವುದಿಲ್ಲ.

ಸಿನಿಮಾ ಹಾಡಿಗೆ ಲೈಸೆನ್ಸ್ ಬೇಕಾ?

ಮದುವೆಯಲ್ಲಿ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ ಮದುವೆ ಮೆರವಣಿಗೆ, ಮದುವೆಗೆ ಸಂಬಂಧಿಸಿದ ಸಂತೋಷಕೂಟಗಳಿಗೆ ವಿನಾಯಿತಿ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನು ಸಾರ್ವಜನಿಕ ಪ್ರಕಟಣೆ ಮೂಲಕ ಸ್ಪಷ್ಟಪಡಿಸಿದೆ. ಈ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ಲಿಖಿತವಾಗಿ ಕೇಳಿ.

ಕರಾರು ಚೀಟಿ: ಎರಡೂ ಕಡೆಗೆ ಒಳ್ಳೆಯದು

ಮೈಕ್‌ಸೆಟ್‌ನವರು, ಶಾಮಿಯಾನದವರು, ಜನರೇಟರ್‌ನವರು ನಮ್ಮೂರವರೇ. ನಾಳೆಯೂ ಮುಖ ನೋಡಬೇಕಾದವರು. ಅದಕ್ಕೇ ಬಾಯಿಮಾತಿನ ಬದಲು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ:

1. ದಿನಾಂಕ, ಸಾಧನ ಜೋಡಿಸುವ ಹೊತ್ತು, ಶುರು, ಮುಕ್ತಾಯ.
2. ಎಷ್ಟು ಬಾಕ್ಸ್, ಎಷ್ಟು ಮೈಕ್, ಎಷ್ಟು ಜನ ಆಳು.
3. ಜನರೇಟರ್, ಡೀಸೆಲ್, ಟಾರ್ಪಾಲು ಯಾರ ಖರ್ಚು.
4. ಹಿಂದಿನ ದಿನವೇ ರದ್ದಾದರೆ ಮುಂಗಡದಲ್ಲಿ ಎಷ್ಟು ವಾಪಸ್, ಸಾಮಾನು ಜೋಡಿಸಿದ ಮೇಲೆ ಮಳೆ ಬಂದರೆ ಎಷ್ಟು ಕೊಡಬೇಕು.
5. ಮಳೆಯ ಲಕ್ಷಣ ಕಂಡು ಮೈಕ್‌ಸೆಟ್‌ನವರು ಆರಿಸಿದರೆ ಅದಕ್ಕೆ ಬಾಡಿಗೆ ಕಡಿತ ಇಲ್ಲ.
6. "ಆರಿಸಬೇಡ" ಅಂತ ಮನೆಯವರು ಒತ್ತಾಯ ಮಾಡಿದ್ದರಿಂದ ಸಾಧನ ಕೆಟ್ಟರೆ ಯಾರ ಹೊಣೆ.

ಐದನೆಯದು, ಆರನೆಯದು ಬರೆಯಲು ಮುಜುಗರ ಬೇಡ. ಬಾಡಿಗೆ ಹೋಗುತ್ತದೆ ಅನ್ನುವ ಭಯ ಇಲ್ಲದಿದ್ದರೆ ಮೈಕ್‌ಸೆಟ್ ಹುಡುಗ ಸರಿಯಾದ ಹೊತ್ತಿಗೆ ಸ್ವಿಚ್ ಆರಿಸುತ್ತಾನೆ. ಆ ಭಯ ಇದ್ದರೆ ಕೊನೆ ಗಳಿಗೆವರೆಗೂ ಕಾಯುತ್ತಾನೆ, ಅಪಾಯ ಬರುವುದೇ ಆಗ.

ಅಂಗಡಿಯವರಿಗೆ ಇನ್ನೊಂದು ಮಾತು: ನಿಮ್ಮ ವಿಮೆ ಅಂಗಡಿಯ ವಿಳಾಸದಲ್ಲಿರುವ ಸಾಮಾನಿಗೆ ಮಾತ್ರವೋ, ಹೊರಗೆ ಒಯ್ದಾಗಲೂ ಅನ್ವಯಿಸುತ್ತದೆಯೋ ಅಂತ ವಿಮೆ ಏಜೆಂಟರನ್ನು ಲಿಖಿತವಾಗಿ ಕೇಳಿ. ಸಾಧನಗಳ ಬಿಲ್ಲು, ಸೀರಿಯಲ್ ನಂಬರ್, ಫೋಟೊ ಇಟ್ಟುಕೊಳ್ಳಿ.

ಆ ದಿನದ ಪಟ್ಟಿ (ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳಿ)

ಬೆಳಿಗ್ಗೆ: ಮುನ್ಸೂಚನೆ ನೋಡಿ. ಕಿತ್ತಳೆ, ಕೆಂಪು ಇದ್ದರೆ ಒಳಾಂಗಣಕ್ಕೆ ಹೋಗುವ ತೀರ್ಮಾನ ಮಧ್ಯಾಹ್ನ 12ರೊಳಗೆ.
ಮಧ್ಯಾಹ್ನ 3: ಹಗ್ಗ, ಗೂಟ, ಇಳಿಜಾರು ಪರಿಶೀಲನೆ. ಆರ್‌ಸಿಸಿಬಿ ಬಟನ್ ಒತ್ತಿ ನೋಡುವುದು.
ಸಂಜೆ 5: ಜನರೇಟರ್ ಹತ್ತು ನಿಮಿಷ ಓಡಿಸಿ ನೋಡಿ. ಶಾಲೆ ಬೀಗ ತೆಗೆದಿಡಿ. ಟಾರ್ಚು, ಪ್ಲಾಸ್ಟಿಕ್ ಹೊದಿಕೆ, ಒಣ ಬಟ್ಟೆ, ಪ್ರಥಮ ಚಿಕಿತ್ಸೆ ಡಬ್ಬಿ ಕೈಗೆಟಕುವ ಜಾಗದಲ್ಲಿ.
ಸಂಜೆ 6.30: ಮುಖ್ಯ ಶಾಸ್ತ್ರ, ಫೋಟೊ ಮೊದಲು.
ಗುಡುಗು ಕೇಳಿದಾಗ: ಘೋಷಣೆ, ಆರಿಸು, ಪ್ಲಗ್ ಕೀಳು, ಮುಚ್ಚು, ಜನರನ್ನು ಒಳಗೆ ಕಳಿಸು.
ರಾತ್ರಿ 9.45: ಕೊನೆಯ ಹಾಡು.

ತುರ್ತು ಸಂಖ್ಯೆಗಳು: ಪೊಲೀಸ್, ಅಗ್ನಿಶಾಮಕ 112, ಆಂಬ್ಯುಲೆನ್ಸ್ 108, ಸೆಸ್ಕ್ 1912, ವರುಣಮಿತ್ರ 92433 45433.